ದಕ್ಷಿಣದ ಗೋಡೆ ಹಾಕಿದ ದಿನ

ಅಂದು ಗೋಡೆ ಹಾಕುವ ಯಜಮಾನರು ಅಲ್ಲಿ ಇದ್ದರೋ ಇಲ್ಲವೋ ಎಂಬುದನ್ನು ನಾನು ಖಚಿತವಾಗಿ ಹೇಳಲಾರೆ. ಇದ್ದರು ಎಂದೇ ಸುಮಾರು ಒಂದು ವರ್ಷ ಹೇಳಿಕೊಂಡು ಬಂದೆ. ಹಾಗೆ ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ಒಮ್ಮೆಯೂ ಅನಿಸಲಿಲ್ಲ. ಯಾಕೆಂದರೆ ಕಣ್ಣು ಮುಚ್ಚಿದರೆ ಅವರು ಕಾಣುತ್ತಿದ್ದರು. ಸೈಟಿನ ದಕ್ಷಿಣ ಮೂಲೆ. ತಲೆಗೆ ಸುತ್ತಿದ ಹಸಿರು ಅಂಚಿನ ಟವೆಲು, ಕಿವಿಯ ಮೇಲೆ ಸಿಕ್ಕಿಸಿದ ಬೀಡಿ, ಸೊಂಟದ ಮೇಲೆ ಎಡಗೈ. "ಆಕ್ಬುಡಿ ಸಾ," ಅನ್ನುತ್ತಾರೆ. ನಾನು ಕೆಲಸದವರಿಗೆ ಕೈ ತೋರಿಸುತ್ತೇನೆ. ಮಣ್ಣಿನ ಮೊದಲ ಮುದ್ದೆ ಗೋಡೆಯ ಮೇಲೆ ಬೀಳುತ್ತದೆ.

ನಾನು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಿದವನು. ಯಾರು ಏನೇ ಹೇಳಲಿ, ಆಧಾರ ಏನು ಎಂದು ಕೇಳುವುದು ಅಲ್ಲಿಂದ ಅಂಟಿದ ಚಾಳಿ. ಮನೆಯಲ್ಲಿ ಯಾರಾದರೂ ಶಕುನದ ಮಾತು ಎತ್ತಿದರೆ ಊಟದ ನಡುವೆಯೇ ವಾದಕ್ಕೆ ಕೂರುತ್ತಿದ್ದೆ. ಆ ಪ್ರಶ್ನೆಯನ್ನು ನನ್ನ ಜ್ಞಾಪಕಕ್ಕೆ ಮಾತ್ರ ಕೇಳಿರಲಿಲ್ಲ.

ಮನೆ ಅಕ್ಕನದು. ನಂಜನಗೂಡಿನ ಅಂಚಿನಲ್ಲಿ, ಕೈಗಾರಿಕಾ ಪ್ರದೇಶದ ಕಡೆಗೆ ಹೋಗುವ ರಸ್ತೆಯ ಪಕ್ಕದ ಹೊಸ ಬಡಾವಣೆಯಲ್ಲಿ ಅವಳಿಗೂ ಭಾವನಿಗೂ ಮೂವತ್ತು ನಲವತ್ತರ ಒಂದು ಸೈಟು ಇತ್ತು. ಭಾವ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವವನು. ಅವರು ಬಾಡಿಗೆಗಿದ್ದ ಮನೆಗೆ ಶೀಟಿನ ಮಾಡು. ಬೇಸಿಗೆಯಲ್ಲಿ ಅಕ್ಕ ಮಧ್ಯಾಹ್ನ ನೆಲಕ್ಕೆ ನೀರು ಚಿಮುಕಿಸಿ, ಒದ್ದೆ ಟವೆಲು ಹಣೆಗೆ ಕಟ್ಟಿಕೊಂಡು ಬಾಗಿಲ ಸಂದಿಯಲ್ಲಿ ಕೂರುತ್ತಿದ್ದಳು. ಅವಳಿಗೆ ಅರೆತಲೆನೋವು. ರಾತ್ರಿ ಪಾಳಿ ಮುಗಿಸಿ ಬಂದ ಭಾವ ಹಗಲು ನಿದ್ದೆ ಬಾರದೆ ಗೊಣಗುತ್ತಿದ್ದ. "ದೊಡ್ಡ ಮನೆ ಬೇಡ ಕಣೋ. ಮಧ್ಯಾಹ್ನ ಒಳಗೆ ಕೂರೋ ಹಾಗಿದ್ರೆ ಸಾಕು," ಎಂದು ಅಕ್ಕ ಹೇಳಿದ್ದು ಮಾತ್ರ ನನಗೆ ಸಂಶಯವಿಲ್ಲದೆ ನೆನಪಿದೆ. ಅದನ್ನು ಅವಳು ಹಲವು ಸಲ ಹೇಳಿದಳು.

ನಾನು ಆಗ ಕಾಲೇಜಿನ ಕೆಲಸ ಬಿಟ್ಟಿದ್ದೆ. ಯಾವ ಕೆಲಸದಲ್ಲೂ ಮೂರು ವರ್ಷ ನಿಂತವನಲ್ಲ ನಾನು. ಆ ದಿನಗಳಲ್ಲಿ ನನ್ನ ತಲೆಗೆ ಹೊಕ್ಕಿದ್ದು ಪಟ್ಟಣದೊಳಗೆ ಮಣ್ಣಿನ ಮನೆ ಕಟ್ಟುವ ವಿಚಾರ. ಅದು ಹಳ್ಳಿಯ ಮೋಹದಿಂದ ಹುಟ್ಟಿದ್ದಲ್ಲ. ಚಿಕ್ಕಯ್ಯನಛತ್ರದ ಕಡೆಯ ನಮ್ಮ ಮನೆಯಲ್ಲಿ ಮಣ್ಣಿನ ಗೋಡೆಗೆ ಗೆದ್ದಲು ಹಿಡಿದದ್ದನ್ನೂ, ಮಳೆಗಾಲದಲ್ಲಿ ಅಮ್ಮ ಅದರ ಬುಡ ಮೆತ್ತಿ ಮೆತ್ತಿ ಸುಸ್ತಾದದ್ದನ್ನೂ ನೋಡಿದ್ದೇನೆ. ನನ್ನನ್ನು ಹಿಡಿದದ್ದು ಪಟ್ಟಣದಲ್ಲಿ ಕಂಡ ಒಂದು ಸರಳ ಸಂಗತಿ. ಬಡಾವಣೆಯಲ್ಲಿ ನೀರಿನ ಸಂಪ್ ಕಟ್ಟಲು ಗುಂಡಿ ತೆಗೆದವರೆಲ್ಲ ಆ ಮಣ್ಣನ್ನು ಟ್ರಾಕ್ಟರಿಗೆ ತುಂಬಿಸಿ ಊರಾಚೆ ಸುರಿಸುತ್ತಿದ್ದರು. ಹಳೆಯ ಪೇಟೆಯ ಬೀದಿಗಳಲ್ಲಿ ಅಜ್ಜಂದಿರ ಕಾಲದ ಮನೆಗಳನ್ನು ಕೆಡವುತ್ತಿದ್ದರು. ಎರಡಡಿ ದಪ್ಪದ ಗೋಡೆಗಳ ಮಣ್ಣೂ ರಸ್ತೆ ಬದಿಯ ಹಳ್ಳಕ್ಕೆ ಹೋಗುತ್ತಿತ್ತು. ಮಂಗಳೂರು ಹೆಂಚು, ಹಲಸಿನ ತೊಲೆ, ಕಲ್ಲು ಚಪ್ಪಡಿ ಎಲ್ಲವೂ ಬೀದಿಗೆ ಬಂದು ಬಿಸಿಲಿಗೆ ಬಿದ್ದಿರುತ್ತಿದ್ದವು. ಅದೇ ಟ್ರಾಕ್ಟರು ವಾಪಸು ಬರುವಾಗ ಸಿಮೆಂಟ್ ಬ್ಲಾಕ್ ಹೇರಿಕೊಂಡು ಬರುತ್ತಿತ್ತು. ಒಂದು ಮನೆಗೆ ಬೇಕಾದ ಮುಕ್ಕಾಲು ಸಾಮಾನು ಪಟ್ಟಣದಲ್ಲೇ ಬಿದ್ದಿದೆ, ಅದನ್ನು ನಾವು ಕಸ ಎಂದು ಕರೆಯುತ್ತಿದ್ದೇವೆ ಎಂದು ಅಕ್ಕನಿಗೆ ಹೇಳಿದೆ. ಅವಳು ನಂಬಿದಳು. ಭಾವ ನಂಬಲಿಲ್ಲ. ಆದರೆ ಅವಳ ಮಾತು ಮೀರಲಿಲ್ಲ.

ನಗರಸಭೆಯ ಅರ್ಜಿಯಲ್ಲಿ ಗೋಡೆ ಯಾವುದರದ್ದು ಎಂಬ ಜಾಗದಲ್ಲಿ ಇಟ್ಟಿಗೆ, ಕಲ್ಲು, ಬ್ಲಾಕ್ ಎಂದು ಅಚ್ಚಾಗಿತ್ತು. ನಾನು ಅಂಚಿನಲ್ಲಿ 'ಮಣ್ಣು' ಎಂದು ಕೈಯಲ್ಲಿ ಬರೆದೆ. ಕೌಂಟರಿನಲ್ಲಿದ್ದವರು ಅದನ್ನು ಓದಿ, ನನ್ನ ಮುಖ ನೋಡಿ, ಮತ್ತೆ ಓದಿದರು.

ಮಣ್ಣು ಸಿಕ್ಕಿತು. ಗೋಡೆ ಹಾಕುವವರು ಸಿಗಲಿಲ್ಲ. ಹಳೆಯ ಮನೆಯ ಮಣ್ಣು ಸಾಗಿಸುತ್ತಿದ್ದ ಟ್ರಾಕ್ಟರಿನವನೊಬ್ಬ ಹೆಮ್ಮಿಗೆಯ ಯಜಮಾನರ ವಿಷಯ ಹೇಳಿದ. ಎಪ್ಪತ್ತು ದಾಟಿದವರು. ನಾಲೆಯ ನೀರಿನ ಸ್ವಲ್ಪ ಗದ್ದೆ ಇದೆ. ಹರೆಯದಲ್ಲಿ ಬೇಸಿಗೆ ಬಂತೆಂದರೆ ಸುತ್ತಲ ಊರುಗಳಲ್ಲಿ ಮಣ್ಣಿನ ಗೋಡೆ ಹಾಕಿಕೊಟ್ಟವರು. ಈಚಿನ ವರ್ಷಗಳಲ್ಲಿ ಅವರನ್ನು ಕರೆದದ್ದು ಕೊಟ್ಟಿಗೆಗೆ, ಹಿತ್ತಲ ಗೋಡೆಗೆ, ಅಷ್ಟೇ. ನಾನು ಹೋಗಿ ಕರೆದಾಗ ಅವರು ಹೂಂ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಮುಂದಿನ ಮಂಗಳವಾರ ಬೆಳಿಗ್ಗೆ ನರಸೀಪುರದಲ್ಲಿ ಬಸ್ಸು ಬದಲಿಸಿಕೊಂಡು ಬಂದು ಸೈಟಿನ ಮುಂದೆ ನಿಂತರು. ಕೈಯಲ್ಲಿ ಒಂದು ಬಟ್ಟೆಯ ಚೀಲ, ಕಂಕುಳಲ್ಲಿ ಗೋಡೆ ತಟ್ಟುವ ಮರದ ಹಲಗೆ.

ನಾನು ಹಿಂದಿನ ದಿನ ಬಾಟಲಿಯಲ್ಲಿ ಮಣ್ಣು ನೀರು ಹಾಕಿ ಕುಲುಕಿ ಇಟ್ಟಿದ್ದೆ.

"ಇದೇನ್ ಸಾ, ಬಾಟ್ಲೀಲಿ ಮಣ್ ಮಡ್ಗಿದ್ದೀರಿ?"

"ಮರಳು ಎಷ್ಟು, ಜೇಡಿ ಎಷ್ಟು ಅಂತ ನೋಡೋಕೆ, ಯಜಮಾನ್ರೇ."

"ಎಷ್ಟದೆ?"

"ಇನ್ನೂ ಪೂರ್ತಿ ಕೆಳಗೆ ಇಳಿದಿಲ್ಲ. ನಾಳೆ ಗೊತ್ತಾಗುತ್ತೆ."

ಅವರು ರಾಶಿಯಿಂದ ಒಂದು ಹಿಡಿ ತೆಗೆದು, ಉಗುಳು ಹಚ್ಚಿ ಅಂಗೈಯಲ್ಲಿ ಹೊಸೆದು, ಮೂಸಿ ನೋಡಿದರು. "ಇದು ಒಂದ್ಸಲ ಗ್ವಾಡೇಲಿ ಇದ್ದು ಬಂದಿರೋ ಮಣ್ಣು. ಇದ್ಕೆ ಕೆಲ್ಸ ಗೊತ್ತು ಸಾ. ನಾಳೆಗಂಟ ಕಾಯಬ್ಯಾಡಿ," ಎಂದರು. ಮರುದಿನ ಬಾಟಲಿಯೂ ಅದನ್ನೇ ಹೇಳಿತು. ನಾನು ಅದನ್ನು ಅವರಿಗೆ ತಿಳಿಸಿದೆ. ಅವರಿಗೆ ಅದರಲ್ಲಿ ಹೆಚ್ಚಿನ ಕುತೂಹಲ ಇದ್ದಂತೆ ಕಾಣಲಿಲ್ಲ.

ಅವರು ಹಾಕಿದ ಷರತ್ತು ಒಂದೇ. "ಸ್ವಾಮಾರ ನಾನು ಮಣ್ಣು ಮುಟ್ಟಕಿಲ್ಲ. ಮುಟ್ಸೋದೂ ಇಲ್ಲ."

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು ಎಂಬುದು ನಮ್ಮ ಕಡೆಯ ಹಳೆಯ ಕಟ್ಟಳೆ. ಅದು ಬಸವನ ದಿನ. ನಮ್ಮ ತಂದೆ ಎತ್ತು ಮಾರಿ ಬಾಡಿಗೆ ಟ್ರಾಕ್ಟರು ಕರೆಯಲು ಶುರು ಮಾಡಿದ ಮೇಲೆ ಸೋಮವಾರಕ್ಕೂ ಭಾನುವಾರಕ್ಕೂ ವ್ಯತ್ಯಾಸ ಉಳಿಯಲಿಲ್ಲ. ಗೋಡೆಯ ಮಣ್ಣು ತುಳಿಸಲು ಹಿಂದೆ ಎತ್ತು ಬಳಸುತ್ತಿದ್ದರಂತೆ. ಹಾಗಾಗಿ ಆ ದಿನ ಗೋಡೆಯ ಕೆಲಸವೂ ನಿಲ್ಲುತ್ತಿತ್ತು.

"ಈಗ ಎತ್ತೆಲ್ಲಿದೆ ಯಜಮಾನ್ರೇ? ತುಳಿಯೋರು ನಾವೇ ಅಲ್ವಾ?" ಎಂದೆ.

"ಅಂಗಾರೆ ನೀವೇ ಎತ್ತಾದ್ರಿ. ರಜ ತಕಳಿ," ಎಂದರು. ಮಣ್ಣು ತುಳಿಯಲು ಬಂದಿದ್ದ ಇಬ್ಬರು ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು.

ಅವರ ಕ್ರಮ ಹೀಗಿತ್ತು. ಮಂಗಳವಾರ ಪೂರ್ವದ ಗೋಡೆ, ಬುಧವಾರ ದಕ್ಷಿಣ, ಗುರುವಾರ ಪಶ್ಚಿಮ, ಶುಕ್ರವಾರ ಉತ್ತರ. ಶನಿವಾರ ಒಳಗಿನ ಅಡ್ಡಗೋಡೆ ಮತ್ತು ಉಬ್ಬು ತಗ್ಗು ಕೆತ್ತುವುದು. ಒಂದು ಸಲಕ್ಕೆ ಒಂದು ವರಸೆ, ಅಂದರೆ ಒಂದು ಮೊಳ ಎತ್ತರ, ಅದಕ್ಕಿಂತ ಒಂದು ಬೆರಳೂ ಹೆಚ್ಚಿಲ್ಲ. ಶನಿವಾರ ಸಂಜೆ ಹಲಗೆ ಕಂಕುಳಿಗೆ ಸಿಕ್ಕಿಸಿಕೊಂಡು ಊರಿಗೆ ಹೊರಡುವರು. ಮಂಗಳವಾರ ಬೆಳಿಗ್ಗೆ ಬರುವರು. ಹೀಗೆ ಪ್ರತಿ ಗೋಡೆಗೂ ಒಂದು ವಾರದ ಬಿಡುವು. ಹಿಂದಿನ ವರಸೆಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, ಒಳಗಿನ ತಣ್ಣನೆ ಹೋಗಿದೆಯೇ ಎಂದು ನೋಡಿದ ಮೇಲೆಯೇ ಹೊಸ ವರಸೆಗೆ "ಆಕ್ಬುಡಿ" ಎನ್ನುತ್ತಿದ್ದರು.

ಬಡಾವಣೆಯವರಿಗೆ ಇದೊಂದು ತಮಾಷೆ. ಎದುರು ಸೈಟಿನವರು ದಿನವೂ ವಾಕಿಂಗ್ ಮುಗಿಸಿ ಬಂದು ನಿಲ್ಲುತ್ತಿದ್ದರು. "ಏನ್ ಸಾರ್, ಹಸು ಎಷ್ಟು ತರ್ತೀರಿ?" ಎಂದು ಒಂದು ದಿನ. "ಮಳೆ ಬಂದ್ರೆ ನಮ್ಮನೇಗೆ ಬನ್ನಿ, ಮೊದಲೇ ಹೇಳಿದೀನಿ," ಎಂದು ಇನ್ನೊಂದು ದಿನ. ಭಾವನಿಗೆ ಅವಮಾನವಾಗುತ್ತಿತ್ತು. ಯಜಮಾನರು ಮಾತ್ರ ಅವರನ್ನು ಕರೆದು, "ಬನ್ನಿ ಸಾ, ಕಾಲ್ ತೊಳ್ಕಂಡು ಒಸಿ ತುಳೀರಿ, ಸಕ್ರೆಕಾಯ್ಲೆ ಇಳೀತದೆ," ಎಂದಿದ್ದರು.

ತಮಾಷೆ ಮಾಡದೆ ನೋಡಿದವರು ಒಬ್ಬ ಮೇಷ್ಟ್ರು. ನರಸೀಪುರದಲ್ಲಿ ತಮ್ಮ ತಾತನ ಮನೆ ಕೆಡವಿಸಿದ್ದರು. ಟ್ರಾಕ್ಟರಿನವನಿಂದ ನಮ್ಮ ಸುದ್ದಿ ತಿಳಿದು, ಮಣ್ಣನ್ನು ಹೊರಗೆ ಕಳಿಸದೆ ಸೈಟಿನಲ್ಲೇ ರಾಶಿ ಹಾಕಿ ಟಾರ್ಪಾಲು ಹೊದಿಸಿದ್ದರು. ಪ್ರತಿ ಶನಿವಾರ ಬೆಳಗಿನ ಶಾಲೆ ಮುಗಿಸಿ ಸ್ಕೂಟರಿನಲ್ಲಿ ಬಂದು ಒಂದು ಗಂಟೆ ನಿಂತು ನೋಡುವರು. ನಮ್ಮದು ಮುಗಿದ ಮೇಲೆ ಯಜಮಾನರು ಅವರ ಮನೆ ಎತ್ತಿಕೊಡಬೇಕು ಎಂದು ಮಾತಾಗಿತ್ತು. "ನರಸೀಪುರ ಆದ್ರೆ ಒಂದೇ ಬಸ್ಸು," ಎಂದು ಯಜಮಾನರು ಅಕ್ಕನ ಹತ್ತಿರ ಹೇಳಿದ್ದರಂತೆ. "ಅಲ್ಲೊಂದು ಗ್ವಾಡೆ ನಿಂತ್ರೆ ದಿನಾ ಜನ ನೋಡ್ತಾರೆ ಕವ್ವಾ. ಆಮ್ಯಾಕೆ ಯಾರಾರ ಹುಡುಗ್ರು ಕಲಿಯಾಕೆ ಬಂದ್ರೂ ಬರ್ಬೋದು."

ದಕ್ಷಿಣದ ಗೋಡೆ ಮೂರು ವರಸೆ ಎದ್ದಿತ್ತು. ಇನ್ನು ನಾನು ಖಚಿತವಾಗಿ ಬಲ್ಲದ್ದನ್ನು ಮಾತ್ರ ಹೇಳುತ್ತೇನೆ. ಮುಂಗಾರು ಹಿಡಿದಿರಲಿಲ್ಲ. ಆದರೆ ಐದಾರು ದಿನ ಮೋಡ ಕವಿದು ಬಿಸಿಲು ಕಾಣಿಸಿರಲಿಲ್ಲ. ನಾನು ಹೊಸದೊಂದು ಕೆಲಸಕ್ಕೆ ಒಪ್ಪಿಕೊಂಡಿದ್ದೆ, ಮುಂದಿನ ವಾರ ಬೇರೆ ಊರಿಗೆ ಹೋಗಬೇಕಿತ್ತು. ತೊಲೆ ಕೂರಿಸುವ ಬಡಗಿ ಬೇಗ ಅಳತೆ ಕೊಡಿ ಎಂದು ಫೋನು ಮಾಡುತ್ತಿದ್ದ. ಶನಿವಾರ ಹದ ಮಾಡಿದ ಮಣ್ಣು ಉಳಿದು ಒಣಗತೊಡಗಿತ್ತು. ಆ ಬೆಳಿಗ್ಗೆ ನಾನು ದಕ್ಷಿಣದ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಗುರುತು ಬೀಳಲಿಲ್ಲ. ಮೇಲ್ಮೈ ಗಟ್ಟಿ ಇದ್ದರೆ ಒಳಗೂ ಗಟ್ಟಿ ಎಂದು ತೀರ್ಮಾನಿಸಿದೆ. ಕಲ್ಲು ಮಣ್ಣು ಓದಿದವನು ಮಾಡಬಾರದ ತೀರ್ಮಾನ ಅದು. ಎರಡು ವರಸೆ ಒಟ್ಟಿಗೇ, ಹತ್ತಿರ ಹತ್ತಿರ ಎರಡು ಮೊಳ, ಒಂದೇ ದಿನ ಹಾಕಿಸಿದೆ.

ಇಷ್ಟು ನಿಜ. ಆ ದಿನ ಮಂಗಳವಾರವಾಗಿತ್ತು, ಯಜಮಾನರು ಅಲ್ಲಿದ್ದರು, ಕೈಯಿಟ್ಟು ನೋಡಿ "ಆಕ್ಬುಡಿ" ಎಂದರು ಎಂಬುದು ನನ್ನ ನೆನಪು. ದಕ್ಷಿಣದ ಸರದಿ ಬುಧವಾರದ್ದು ಎಂಬುದೂ ಆ ನೆನಪನ್ನು ಕದಲಿಸಲಿಲ್ಲ.

ಬುಧವಾರ ಸಂಜೆ ಸಣ್ಣ ಹನಿ ಬಿತ್ತು. ಗುರುವಾರ ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದಾಗ ಗೋಡೆ ಹೊರಕ್ಕೆ ಜಾರಿತು. ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ಭತ್ತದ ಮೂಟೆಗಳನ್ನು ಒಂದರ ಹಿಂದೆ ಒಂದು ಇಳಿಸಿದ ಹಾಗೆ. ಯಾರಿಗೂ ಪೆಟ್ಟಾಗಲಿಲ್ಲ. ಪಕ್ಕದಲ್ಲಿ ಜೋಡಿಸಿಟ್ಟಿದ್ದ ಹಳೆಯ ಹೆಂಚುಗಳಲ್ಲಿ ಅರ್ಧಕ್ಕರ್ಧ ಪುಡಿಯಾದವು. ಎರಡು ತಿಂಗಳು ಬೀದಿ ಬೀದಿ ಅಲೆದು ಒಂದೊಂದಾಗಿ ಆರಿಸಿದ ಹೆಂಚು ಅವು. ಅಕ್ಕ ಕೈಯಲ್ಲಿ ತುತ್ತು ಹಿಡಿದುಕೊಂಡೇ ಎದ್ದು ಬಂದು ನಿಂತಳು.

ಯಜಮಾನರು ಬಿದ್ದ ಗೋಡೆಯಿಂದ ಒಂದು ಹೆಂಟೆ ಎತ್ತಿ ಎರಡಾಗಿ ಮುರಿದರು. ಹೊರಗೆ ಕೆಂಪು, ಒಳಗೆ ಹಸಿ ಕಪ್ಪು. ಅದನ್ನು ಅಲ್ಲೇ ಇಟ್ಟು, "ಈ ಮಣ್ಣ ಎಸೀಬ್ಯಾಡಿ. ನೆನಸ್ಕಂಡು ಮತ್ತೆ ಆಕ್ಬೋದು. ಮಣ್ಣಿಗೇನೂ ಆಗಿಲ್ಲ," ಎಂದರು.

ಅಷ್ಟರಲ್ಲಿ ಎದುರು ಸೈಟಿನವರು ಬಂದಿದ್ದರು, ಇನ್ನೂ ನಾಲ್ಕು ಜನ ಸೇರಿದ್ದರು. ಅಕ್ಕ ಕೈ ತೊಳೆಯಲು ಹೋಗಿದ್ದಾಗ ಭಾವ ಕಾರ್ಖಾನೆಯಿಂದ ಓಡಿ ಬಂದ. "ಇದನ್ನ ಯಾರು ಹಾಕಿದ್ದು?" ಎಂದು ಕೇಳಿದ. ನಾನು, "ಯಜಮಾನ್ರೇ ನಿಂತು ನೋಡಿ ಹಾಕ್ಸಿದ್ರಲ್ಲ," ಎಂದೆ. ತಪ್ಪಿಸಿಕೊಳ್ಳಬೇಕೆಂದು ಹೇಳಿದ ಮಾತಲ್ಲ ಎಂದು ಈಗಲೂ ಅನಿಸುತ್ತದೆ. ಆದರೆ ಮಾತು ಬಾಯಿಂದ ಬಹಳ ಸಲೀಸಾಗಿ ಬಂದದ್ದು ನೆನಪಿದೆ. ಯಜಮಾನರು ಬಗ್ಗಿ, ಒಡೆಯದೆ ಉಳಿದ ಹೆಂಚುಗಳನ್ನು ಬೇರೆ ಮಾಡತೊಡಗಿದರು.

ಶನಿವಾರ ಮೇಷ್ಟ್ರು ಬಂದರು. ಯಜಮಾನರು ಒಳಗೆ ಅಡ್ಡಗೋಡೆ ಕೆತ್ತುತ್ತಿದ್ದರು. ಮೇಷ್ಟ್ರು ನನ್ನನ್ನು ಗೇಟಿನ ಹತ್ತಿರ ಕರೆದು ದನಿ ತಗ್ಗಿಸಿ ಕೇಳಿದರು: "ಸರ್, ನೀವು ಓದಿದವರು, ನಿಮ್ಮ ಮಾತಿನ ಮೇಲೆ ಹೋಗ್ತೀನಿ. ಅವರಿಗೆ ವಯಸ್ಸಾಯ್ತಲ್ಲ, ಕೈ ಹದ ತಪ್ಪಿದೆಯಾ? ಅವತ್ತು ಅವರೇ ಇದ್ರಾ?"

"ಇದ್ರು. ಅವರೇ ನೋಡಿ ಹಾಕ್ಸಿದ್ದು," ಎಂದೆ.

ಒಳಗೆ ಕೆತ್ತುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಹಾಗೆಂದು ನನ್ನ ನೆನಪು ಹೇಳುತ್ತದೆ. ಆದರೆ ಆ ನಿಲುಗಡೆಯನ್ನು ನಾನು ಆಮೇಲೆ ಸೇರಿಸಿಕೊಂಡಿರಲೂಬಹುದು.

ದಕ್ಷಿಣದ ಗೋಡೆಗೆ ಭಾವ ಸಿಮೆಂಟ್ ಬ್ಲಾಕ್ ತರಿಸಿದ. ನಾನು ತಡೆಯಲಿಲ್ಲ. ಬಿದ್ದ ಮಣ್ಣು ಟ್ರಾಕ್ಟರಿನಲ್ಲಿ ಊರಾಚೆಗೆ ಹೋಯಿತು, ಎಲ್ಲರ ಮಣ್ಣೂ ಹೋಗುವ ಜಾಗಕ್ಕೆ. ಯಜಮಾನರು ಉಳಿದ ಮೂರು ಗೋಡೆಗಳನ್ನು ವಾರಕ್ಕೊಂದು ಮೊಳದ ಹಾಗೆ ಮುಗಿಸಿ, ಸುಣ್ಣದ ಗಾರೆ ಮೆತ್ತಿಸಿ, ಒಂದು ಶನಿವಾರ ಸಂಜೆ ಹೋದರು. ನಾನಾಗಲೇ ಬೇರೆ ಊರಿಗೆ ಹೋಗಿದ್ದೆ. ಮೇಷ್ಟ್ರು ಕೆಲವು ತಿಂಗಳು ಕಾದು ಬ್ಲಾಕಿನ ಮನೆ ಶುರು ಮಾಡಿದರು. ತಾತನ ಮನೆಯ ಮಣ್ಣನ್ನು ನೆಲದಡಿಗೆ ತುಂಬಿಸಿದರು ಎಂದು ಕೇಳಿದೆ.

ಮುಂದಿನ ಬೇಸಿಗೆಯಲ್ಲಿ ಆ ಕೆಲಸವನ್ನೂ ಬಿಟ್ಟು ಅಕ್ಕನ ಮನೆಗೆ ಬಂದೆ. ಏಪ್ರಿಲ್ ತಿಂಗಳ ಮಧ್ಯಾಹ್ನ. ಒಳಗೆ ನೆಲದ ಮೇಲೆ ಕೂತು ಎರಡು ಕೈಯನ್ನೂ ಚಾಚಿ ಮೂಲೆಯಲ್ಲಿ ಕೂಡುವ ಎರಡು ಗೋಡೆಗಳ ಮೇಲಿಟ್ಟೆ. ಪೂರ್ವದ ಗೋಡೆ ಮಡಕೆಯ ಹೊಟ್ಟೆಯಂತೆ ತಣ್ಣಗಿತ್ತು. ದಕ್ಷಿಣದ್ದು ಆಗತಾನೆ ಒಲೆಯಿಂದ ಇಳಿಸಿದ ಪಾತ್ರೆಯ ಪಕ್ಕದ ಬಿಸಿಯಂತಿತ್ತು. ಅಕ್ಕ ತನ್ನ ಚಾಪೆಯನ್ನು ಪೂರ್ವದ ಗೋಡೆಗೆ ಒತ್ತಿ ಹಾಕಿಕೊಂಡಿದ್ದಳು.

"ನಾಲ್ಕೂ ಅವರದೇ ಆಗಿದ್ರೆ ಚೆನ್ನಾಗಿರೋದು," ಎಂದಳು.

"ನಾಲ್ಕನೇದೂ ಅವರದೇ ಆಗಿತ್ತಲ್ಲ. ಬಿತ್ತು."

ಅಕ್ಕ ಮಲಗಿದ್ದಲ್ಲಿಂದ ತಲೆಯೆತ್ತಿದಳು. "ಅದು ಅವರದಲ್ಲ ಕಣೋ. ಅವತ್ತು ಸೋಮವಾರ. ಅವರು ಬಂದೇ ಇರಲಿಲ್ಲ."

"ಮಂಗಳವಾರ."

"ಸೋಮವಾರ. ನಾನು ದೇವಸ್ಥಾನಕ್ಕೆ ಹೋಗಿ ಬಂದೆ. ನಿನಗೆ ಪ್ರಸಾದ ಕೊಡೋಕೆ ಬಂದ್ರೆ, ಕೈಯೆಲ್ಲ ಮಣ್ಣು, ಬಾಯಿಗೆ ಹಾಕು ಅಂತ ನೀನು ಅಂದೆ. ದೇವರನ್ನ ನಂಬಲ್ಲ, ಪುಳಿಯೋಗರೆ ಮಾತ್ರ ನಂಬ್ತೀಯ ಅಂತ ಬೈದೆ."

"ನೀನು ಎಲ್ಲ ವಾರವೂ ಹೋಗ್ತೀಯ. ಯಾವ ವಾರದ್ದೋ ಇರಬೇಕು."

ಮನುಷ್ಯರ ನೆನಪು ಹೇಗೆ ಎರಡು ದಿನಗಳನ್ನು ಹೊಲಿದು ಒಂದು ಮಾಡುತ್ತದೆ ಎಂದು ಅವಳಿಗೆ ವಿವರಿಸಿದೆ. ಸುಮಾರು ಹೊತ್ತು ವಿವರಿಸಿದೆ. ಅವಳು ಕೇಳಿಸಿಕೊಂಡು, "ಹಾಗಾದ್ರೆ ಸರಿ ಬಿಡಪ್ಪ," ಎಂದು ಗೋಡೆಯ ಕಡೆಗೆ ಮಗ್ಗುಲಾದಳು. ಅವಳಿಗೆ ಅನ್ವಯಿಸಿದ ಸಿದ್ಧಾಂತ ನನಗೂ ಅನ್ವಯಿಸಬಹುದು ಎಂಬುದು ಹೊಳೆಯಲು ನನಗೆ ಎರಡು ದಿನ ಹಿಡಿಯಿತು.

ಮಣ್ಣು ತುಳಿದಿದ್ದ ಹೆಂಗಸರಲ್ಲಿ ಒಬ್ಬರು ಬಡಾವಣೆಯಲ್ಲೇ ಬೇರೆ ಸೈಟಿನಲ್ಲಿ ಜಲ್ಲಿ ಹೊರುತ್ತಿದ್ದರು. ಹೋಗಿ ಕೇಳಿದೆ. "ಯಾವ್ ಗ್ವಾಡೆ ಸಾ? ವರ್ಸಕ್ಕೆ ನೂರ್ ಗ್ವಾಡೆ ನೋಡ್ತೀವಿ. ನೀವ್ ಕರುದ್ರಿ, ಬಂದೊ," ಎಂದರು. ಅಷ್ಟೇ.

ಮಾರನೆಯ ದಿನ ಹೆಮ್ಮಿಗೆಗೆ ಹೋದೆ. ಯಜಮಾನರು ಜಗುಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಗೋಡೆ ತಟ್ಟುವ ಹಲಗೆಯನ್ನು ಕೊಟ್ಟಿಗೆಯ ಬಾಗಿಲು ಗಾಳಿಗೆ ಬಡಿಯದಂತೆ ಒತ್ತು ಕೊಟ್ಟು ನಿಲ್ಲಿಸಿದ್ದರು. ಅವರ ಹೆಂಡತಿ ನನಗೆ ಮಜ್ಜಿಗೆ ಕೊಟ್ಟು ಅಲ್ಲೇ ನಿಂತರು.

"ನಂಜನಗೂಡೋರಾ? ಇವ್ರು ಪ್ಯಾಟೆಗೆ ಗ್ವಾಡೆ ಆಕಕ್ಕೋಗಿ ಬೀಳುಸ್ಕಂಡ್ ಬಂದ್ರು ಅಂತ ಊರೆಲ್ಲ ಆಡ್ಕತರೆ. ಈಗ ಕೊಟ್ಗೆ ಗ್ವಾಡೆಗೂ ಯಾರೂ ಕರೆಯಾಕಿಲ್ಲ."

"ಸುಮ್ಕಿರಮ್ಮಿ. ಬಂದೋರ್ ಮುಂದೆ," ಎಂದರು ಯಜಮಾನರು. ಆಮೇಲೆ ನನ್ನ ಕಡೆ ತಿರುಗಿ, "ಅವ್ವಾರ್ ತಲೆನೋವು ಎಂಗದೆ ಸಾ?" ಎಂದು ಕೇಳಿದರು.

ಕಡಿಮೆಯಾಗಿದೆ ಎಂದೆ. ಪೂರ್ವದ ಗೋಡೆಯ ಪಕ್ಕ ಮಲಗುತ್ತಾಳೆ ಎಂದೆ. ಅವರು ತಲೆಯಾಡಿಸಿದರು. ಆಮೇಲೆ ನೇರವಾಗಿ ಕೇಳಿದೆ: "ಯಜಮಾನ್ರೇ, ದಕ್ಷಿಣದ ಗೋಡೆ ಮೇಲಿನ ವರಸೆ ಹಾಕಿದ ದಿನ ನೀವು ಇದ್ರಾ?"

ಅವರು ಹಗ್ಗ ಹೊಸೆಯುವುದು ನಿಲ್ಲಿಸಲಿಲ್ಲ. "ನಿಮ್ಗೆ ಗ್ಯಾಪ್ಕ ಇಲ್ವಾ ಸಾ?"

"ಇದೆ ಅಂದ್ಕೊಂಡಿದ್ದೆ. ಈಗ ಅನುಮಾನ."

"ಮಂಗ್ಳಾರ ಬಂದು ಕೈಯಿಟ್ಟು ನೋಡ್ದೆ. ಒಳ್ಗೆ ತಣ್ಗಿತ್ತು. ಕೆಡುವ್ಸಿ ಅನ್ಬೇಕಾಗಿತ್ತು. ಓದಿದೋರು, ಬಾಟ್ಲೀಲಿ ನೋಡಿರೋರು, ಏನಾರ ಗೊತ್ತಿರ್ತದೆ ಅಂತ ಸುಮ್ನಾದೆ. ಅಷ್ಟು ನನ್ ತಪ್ಪು."

"ನೀವು ಮಂಗಳವಾರ ಬಂದಾಗ ಗೋಡೆ ಆಗಲೇ ಎದ್ದಿತ್ತಾ?"

"ಅದ ನನ್ ಕೇಳ್ಬ್ಯಾಡಿ ಸಾ. ನಾನ್ ಏಳುದ್ರೆ ನನ್ ಪರ್ವಾಗಿ ಏಳ್ಕಂಡಂಗಾಯ್ತದೆ. ಬ್ಯಾರೆ ಯಾರ್ನಾರ ಕೇಳಿ."

ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟೆ. ವಾಪಸು ಬರುವಾಗ ನರಸೀಪುರದ ಬಸ್ ನಿಲ್ದಾಣದಲ್ಲಿ ಬಹಳ ಹೊತ್ತು ಕೂತಿದ್ದೆ. ಮೇಷ್ಟ್ರ ಮನೆ ಅಲ್ಲಿಂದ ದೂರವಿರಲಿಲ್ಲ. ಆದರೆ ಆಧಾರ ಇಲ್ಲದೆ ಹೋಗಲು ಮನಸ್ಸಾಗಲಿಲ್ಲ. ಆಧಾರ ಹುಡುಕದೆ ಮಾತಾಡಿ ಬಂದವನಿಗೆ ಈಗ ಆಧಾರ ಬೇಕಾಗಿತ್ತು. ಆ ದಿನ ಸೋಮವಾರ ಎಂದಾದರೆ, ಯಾರ ಯಾರ ಮುಂದೆ ಅವರ ಹೆಸರು ಹೇಳಿದ್ದೆನೋ ಅಷ್ಟೂ ಜನರ ಮುಂದೆ ನಿಂತು ನನ್ನ ಹೆಸರು ಹೇಳಬೇಕು ಎಂದು ಬಸ್ಸಿನಲ್ಲಿ ತೀರ್ಮಾನಿಸಿದೆ.

ಹೇಳಿದೆ. ಮೊದಲು ಭಾವನಿಗೆ. ಅವನು, "ನಾನು ಅವರಿಗೆ ಒಂದು ಮಾತೂ ಹೇಳದೆ ಕಳಿಸಿದೆನಲ್ಲ," ಎಂದ. ಎದುರು ಸೈಟಿನವರಿಗೆ ಹೇಳಿದಾಗ, "ಅಂದ್ರೆ ಮಣ್ಣಿನ ಗೋಡೆ ತಪ್ಪಲ್ಲ, ಪದವಿ ತಪ್ಪು ಅನ್ನಿ," ಎಂದು ನಕ್ಕರು. ಆ ನಗು ನನಗೆ ಸಲ್ಲಬೇಕಾದದ್ದೇ. ಮೇಷ್ಟ್ರು ಹೊಸ ಮನೆಯ ವರಾಂಡದಲ್ಲಿ ಕೂರಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಫ್ಯಾನು ಬಿಸಿ ಗಾಳಿಯನ್ನು ಸುತ್ತಿಸುತ್ತಿತ್ತು. "ತಾತನ ಮಣ್ಣು ಈಗ ನಮ್ಮ ಕಾಲಡಿ ಇದೆ ಸರ್. ಅಗೆಯೋಕಾಗಲ್ಲ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಕಾಂಪೌಂಡ್ ಇನ್ನೂ ಹಾಕಿಸಿಲ್ಲ. ರಸ್ತೆ ಕಡೆದು. ಅವರು ಬರ್ತಾರಾ?" ಎಂದು ಕೇಳಿದರು. ನಾನು ಹೆಮ್ಮಿಗೆಗೆ ಮತ್ತೆ ಹೋಗಿ ಅದನ್ನು ತಿಳಿಸಿದೆ. ಯಜಮಾನರು "ನೋಡಾನ," ಎಂದರು. ಅವರ ಹೆಂಡತಿ ಕೊಟ್ಟಿಗೆಯ ಬಾಗಿಲಿಗೆ ಒಂದು ಕಲ್ಲು ಒತ್ತಿಟ್ಟು ಹಲಗೆಯನ್ನು ತೆಗೆದು ಒಳಗೆ ಒಯ್ದರು. ಅದರಿಂದ ನಾನು ಏನನ್ನೂ ಊಹಿಸಲು ಹೋಗುವುದಿಲ್ಲ.

ಇಷ್ಟಕ್ಕೂ ಆಧಾರವಾದದ್ದು ಅಕ್ಕನ ಫೋನು. ಹೆಮ್ಮಿಗೆಯಿಂದ ಮೊದಲ ಸಲ ಬಂದ ಸಂಜೆಯೇ ಕೇಳಿ ತೆಗೆದುಕೊಂಡೆ. ಗೋಡೆ ಹಾಕುತ್ತಿರುವಾಗ ಅವಳು ಒಂದು ಫೋಟೋ ತೆಗೆದು ಕಾರ್ಖಾನೆಯಲ್ಲಿದ್ದ ಭಾವನಿಗೆ ಕಳಿಸಿದ್ದಳು. ಕೆಳಗೆ, "ನಿಮ್ಮ ಭಾವಮೈದ ನೋಡಿ, ಎತ್ತಿನ ಕೆಲಸ ಮಾಡ್ತಿದಾನೆ," ಎಂದು ಬರೆದಿದ್ದಳು. ಫೋಟೋದಲ್ಲಿ ಪ್ಯಾಂಟು ಮಡಚಿ ಮಣ್ಣು ತುಳಿಯುತ್ತಿರುವ ನಾನು, ಇಬ್ಬರು ಹೆಂಗಸರು, ಅರ್ಧ ಎದ್ದ ಎರಡು ಮೊಳದ ವರಸೆ. ದಕ್ಷಿಣ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ಟು ಮಾತ್ರ. ಅದಕ್ಕೆ ಮೊದಲಿನ ವಾರದ ಇನ್ನೊಂದು ಫೋಟೋ ಇತ್ತು. ಅದೇ ಮೂಲೆಯಲ್ಲಿ ಯಜಮಾನರು, ತಲೆಗೆ ಹಸಿರು ಅಂಚಿನ ಟವೆಲು, ಎಡಗೈ ಸೊಂಟದ ಮೇಲೆ. ನನ್ನ ನೆನಪಿನವರು ಅಲ್ಲಿಂದ ಎದ್ದು ಬಂದವರು. ಆದರೂ ಫೋಟೋದ ಚೌಕಟ್ಟಿನಾಚೆ ಅವರು ನಿಂತಿರಬಹುದಲ್ಲ ಎಂದು ನನ್ನ ಹಳೆಯ ಚಾಳಿ ಕೇಳಿತು. ಹಾಗಾಗಿ ಫೋಟೋ ಏನು ತೋರಿಸುತ್ತದೆ ಎಂಬುದನ್ನು ಬಿಟ್ಟು, ಅಕ್ಕ ಸಂದೇಶ ಕಳಿಸಿದ ತಾರೀಖನ್ನು ಚೀಟಿಯಲ್ಲಿ ಬರೆದುಕೊಂಡೆ. ಭಾವನ ಫೋನಿನಲ್ಲೂ ನೋಡಿದೆ, ಅದೇ ತಾರೀಖು. ಅಡುಗೆಮನೆಯ ಬಾಗಿಲ ಹಿಂದೆ ಅಕ್ಕ ಹಳೆಯ ವರ್ಷದ ಕ್ಯಾಲೆಂಡರನ್ನು ಇನ್ನೂ ತೆಗೆದಿರಲಿಲ್ಲ. ಹಾಳೆ ತಿರುವಿ, ಆ ತಾರೀಖಿನ ಮೇಲೆ ಬೆರಳಿಟ್ಟು, ಸಾಲಿನ ತುದಿಯಲ್ಲಿ ಅಚ್ಚಾಗಿದ್ದ ವಾರದ ಹೆಸರನ್ನು ಓದಿದೆ. ಸೋಮವಾರ.